ಡೆತ್ ನೋಟ್ ಟಿಪ್ಪಣಿ: ಲೈಟ್ ಸಿಕ್ಕಿಬೀಳಬಾರದು ಅಂತ ನಮಗ್ಯಾಕೆ ಅನ್ನಿಸುತ್ತದೆ?

ಕಥೆ ಕಟ್ಟುವುದನ್ನು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. 'ಡೆತ್ ನೋಟ್' ಇನ್ನೂ ನೋಡಿಲ್ಲ ಅಂದರೆ ಮೊದಲು ನೋಡಿ ಬನ್ನಿ. ಕೊನೆಯವರೆಗಿನ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ.

ತ್ಸುಗುಮಿ ಓಬಾ ಬರೆದು ತಾಕೇಶಿ ಒಬಾತಾ ಚಿತ್ರ ಬಿಡಿಸಿದ ಮಾಂಗಾ (ಜಪಾನಿ ಕಾಮಿಕ್ಸ್) ಇದು. 2003ರಿಂದ 2006ರವರೆಗೆ ಜಪಾನಿನ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ ಬಂತು, ಒಟ್ಟು 108 ಅಧ್ಯಾಯ. ಮ್ಯಾಡ್‌ಹೌಸ್ ಸ್ಟುಡಿಯೋ ಅದನ್ನು 37 ಕಂತಿನ ಅನಿಮೆ (ಜಪಾನಿ ಅನಿಮೇಷನ್ ಸರಣಿ) ಮಾಡಿತು. ನಿರ್ದೇಶಕ ತೆತ್ಸುರೋ ಅರಾಕಿ. ಪ್ರಸಾರ 2006ರ ಅಕ್ಟೋಬರ್‌ನಿಂದ 2007ರ ಜೂನ್‌ವರೆಗೆ. ಶೋನೆನ್ ಜಂಪ್ ಅಂದರೆ ಹುಡುಗರ ಪತ್ರಿಕೆ; ಛಲ ಬಿಡದೆ ಹೊಡೆದಾಡಿ ಗೆಲ್ಲುವ ನಾಯಕರ ಅಡ್ಡೆ. ಅಂಥ ಕಡೆ ಮೇಜಿನ ಮುಂದೆ ಕೂತು ಪೆನ್ನಲ್ಲಿ ಕೊಲ್ಲುವ ನಾಯಕ ಬಂದ.

ಲೈಟ್ ಯಾಗಾಮಿಗೆ 17 ವರ್ಷ. ಓದಿನಲ್ಲಿ ದೇಶಕ್ಕೇ ಮುಂದು. ಅಪ್ಪ ದೊಡ್ಡ ಪೊಲೀಸ್ ಅಧಿಕಾರಿ. ಸಾವಿನ ಲೋಕದ ರಿಯೂಕ್ ಎಂಬ ಶಿನಿಗಾಮಿ (ಸಾವಿನ ದೇವತೆ) ಬೇಜಾರಾಗಿ ತನ್ನ ನೋಟ್‌ಬುಕ್ಕನ್ನು ಸುಮ್ನೆ ಭೂಮಿಗೆ ಬೀಳಿಸುತ್ತಾನೆ. ಅದು ಲೈಟ್ ಕೈಗೆ ಸಿಗುತ್ತದೆ. ಮುಖ ಮನಸ್ಸಿನಲ್ಲಿಟ್ಟುಕೊಂಡು ಅದರಲ್ಲಿ ಯಾರ ಹೆಸರು ಬರೆದರೂ ಅವರು ಸಾಯುತ್ತಾರೆ. ಹೇಗೆ ಅಂತ ಬರೆಯದಿದ್ದರೆ 40 ಸೆಕೆಂಡಿಗೆ ಹೃದಯಾಘಾತ. ಲೈಟ್ ಅಪರಾಧಿಗಳನ್ನು ಒಬ್ಬೊಬ್ಬರಾಗಿ ಮುಗಿಸುತ್ತಾ ಹೋಗುತ್ತಾನೆ. ಜನ ಅವನಿಗೆ 'ಕಿರಾ' ಅಂತ ಹೆಸರಿಡುತ್ತಾರೆ. ಅವನ ಬೆನ್ನು ಹತ್ತುವ ಪತ್ತೇದಾರ ಎಲ್.

ಎಲ್ಲರೂ ಬರೆಯುವ ಉತ್ತರ

ಈ ಕಥೆ ಯಾಕೆ ಸೆಳೆಯುತ್ತದೆ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಉದ್ದೇಶ ಒಳ್ಳೆಯದು, ಹಿಡಿದ ದಾರಿ ತಪ್ಪು, ಅದಕ್ಕೇ ಗೊಂದಲ. ಈ ಉತ್ತರ ಎರಡನೇ ಕಂತಿಗೇ ಬಿದ್ದುಹೋಗುತ್ತದೆ. ಅಲ್ಲಿ ಲಿಂಡ್ ಎಲ್. ಟೈಲರ್ ಎಂಬಾತ ಟಿವಿಯಲ್ಲಿ ಬಂದು, ನಾನೇ ಎಲ್, ಕಿರಾ ಮಾಡುತ್ತಿರುವುದು ದುಷ್ಟ ಕೆಲಸ ಅನ್ನುತ್ತಾನೆ. ಲೈಟ್‌ಗೆ ಸಿಟ್ಟು ಬರುತ್ತದೆ, ಹೆಸರು ಬರೆಯುತ್ತಾನೆ, ಆ ಮನುಷ್ಯ ಕ್ಯಾಮೆರಾ ಮುಂದೆಯೇ ಸಾಯುತ್ತಾನೆ. ಟೈಲರ್ ಏನು ಅಪರಾಧ ಮಾಡಿದ್ದ ಅಂತ ಲೈಟ್‌ಗೆ ಆಗ ಗೊತ್ತೇ ಇಲ್ಲ. ಬೈದ, ಸತ್ತ, ಅಷ್ಟೇ. ಆಮೇಲೆ ತನ್ನ ಹಿಂದೆ ಬಿದ್ದ ಎಫ್‌ಬಿಐ ಏಜೆಂಟರನ್ನೂ ಒಟ್ಟಿಗೆ ಸಾಯಿಸುತ್ತಾನೆ. ಅವರು ಯಾರೂ ಅಪರಾಧಿಗಳಲ್ಲ.

ಅಂದರೆ ನ್ಯಾಯದ ಮುಸುಕು ಬಹಳ ಬೇಗ ಜಾರುತ್ತದೆ. ಮುಚ್ಚಿಡುವ ಪ್ರಯತ್ನವನ್ನೂ ಕಥೆ ಮಾಡುವುದಿಲ್ಲ. ಆದರೂ ನಾವು ಅವನ ಪಕ್ಕದಿಂದ ಕದಲುವುದಿಲ್ಲ ಅಲ್ವಾ? ನನ್ನ ಪ್ರಕಾರ ನಮ್ಮನ್ನು ಹಿಡಿದಿಡುವುದು ಅವನ ನ್ಯಾಯವಲ್ಲ, ಅವನ ಪ್ಲಾನು. ಮನಸ್ಸಿನಲ್ಲಿ ಏನು ಲೆಕ್ಕ ಹಾಕುತ್ತಿದ್ದಾನೆ ಅಂತ ನಮಗೆ ಪ್ರತಿ ಹೆಜ್ಜೆಗೂ ಗೊತ್ತಿರುತ್ತದೆ. ಪ್ಲಾನು ಗೊತ್ತಾದ ಮೇಲೆ ಅದು ಕೈಗೂಡಲಿ ಅಂತ ಮನಸ್ಸು ತಾನಾಗಿಯೇ ಬಯಸುತ್ತದೆ. ಅವನು ಮಾಡುತ್ತಿರುವುದು ಸರಿಯೋ ತಪ್ಪೋ ಎಂಬ ಯೋಚನೆ ಬರುವುದು ಆಮೇಲೆ.

ಒಂದು ದೃಶ್ಯ, ಹತ್ತಿರದಿಂದ

ಏಳನೇ ಕಂತು ತೆಗೆದುಕೊಳ್ಳಿ. ಸತ್ತ ಏಜೆಂಟ್ ರೇ ಪೆನ್‌ಬರ್ ಮದುವೆಯಾಗಬೇಕಿದ್ದ ಹುಡುಗಿ ನವೋಮಿ ಮಿಸೋರಾ. ಅವಳೂ ಮೊದಲು ಎಫ್‌ಬಿಐನಲ್ಲಿದ್ದವಳು, ಭಾರಿ ಚುರುಕು. ಹೃದಯಾಘಾತ ಬಿಟ್ಟು ಬೇರೆ ರೀತಿಯಲ್ಲೂ ಕಿರಾ ಕೊಲ್ಲಬಲ್ಲ ಅಂತ ಅವಳಿಗೆ ಹೊಳೆದಿದೆ. ಪೊಲೀಸರಿಗೆ ಹೇಳಲು ಬಂದಿದ್ದಾಳೆ. ಅಪ್ಪನಿಗೆ ಬಟ್ಟೆ ಕೊಡಲು ಬಂದ ಲೈಟ್ ಅಲ್ಲೇ ಸಿಗುತ್ತಾನೆ. ಇಬ್ಬರೂ ಮಾತಾಡುತ್ತಾ ನಡೆಯುತ್ತಾರೆ. ಅವನು ಹೆಸರು ಕೇಳುತ್ತಾನೆ, ಅವಳು ಹೇಳುತ್ತಾಳೆ, ಅವನು ಗುಟ್ಟಾಗಿ ಬರೆಯುತ್ತಾನೆ. ಕಾಯುತ್ತಾನೆ. ಏನೂ ಆಗುವುದಿಲ್ಲ. ಪಕ್ಕದಲ್ಲಿ ರಿಯೂಕ್ ನಗುತ್ತಾನೆ. ಹೆಸರು ಸುಳ್ಳು ಅಂತ ಅವನ ಕಣ್ಣಿಗೆ ಕಾಣುತ್ತಿದೆ.

ಇಲ್ಲಿ ನಿಲ್ಲಿಸಿ, ನಿಮ್ಮ ಮನಸ್ಸು ಏನನ್ನುತ್ತಿದೆ ಅಂತ ನೋಡಿಕೊಳ್ಳಿ. ಒಂದು ಕಡೆ, ಹೋಗಮ್ಮಾ, ಬೇಗ ಹೋಗಿಬಿಡು ಅನ್ನಿಸುತ್ತದೆ. ಇನ್ನೊಂದು ಕಡೆ, ಇವನು ಈಗ ಹೇಗೆ ಹೆಸರು ಹೊರಡಿಸುತ್ತಾನೆ ಅಂತ ಕುತೂಹಲ. ಲೈಟ್ ಅವಳ ಹಿಂದೆಯೇ ಹೋಗಿ, ತಾನೂ ತನಿಖಾ ತಂಡದವನು, ನಿಮ್ಮಂಥವರು ನಮಗೆ ಬೇಕು ಅಂತ ನಂಬಿಸುತ್ತಾನೆ. ಅವಳು ಡ್ರೈವಿಂಗ್ ಲೈಸೆನ್ಸ್ ತೋರಿಸುತ್ತಾಳೆ. ಮುಗಿಯಿತು. ಯಾಕೆ ಪದೇ ಪದೇ ವಾಚ್ ನೋಡುತ್ತೀರಿ ಅಂತ ಅವಳು ಕೇಳಿದಾಗ, ನಾನೇ ಕಿರಾ ಅನ್ನುತ್ತಾನೆ.

ಇಡೀ ದೃಶ್ಯದಲ್ಲಿ ಇಬ್ಬರು ನಡೆಯುತ್ತಾ ಮಾತಾಡುತ್ತಾರೆ, ಇನ್ನೇನೂ ಇಲ್ಲ. ಓಟವಿಲ್ಲ, ಗುಂಡಿಲ್ಲ. ಬಿಗಿ ಬರುವುದು ನಿಯಮಗಳಿಂದ. ನಿಜವಾದ ಹೆಸರೇ ಬೇಕು ಎಂಬ ನಿಯಮ ನಮಗೆ ಮೊದಲೇ ಗೊತ್ತಿರುವುದರಿಂದ, ಒಂದು ಲೈಸೆನ್ಸ್ ಚಾಕುವಿನಷ್ಟೇ ಭಯ ಹುಟ್ಟಿಸುತ್ತದೆ. ಬರೆಯುವವರು ಗಮನಿಸಬೇಕಾದ್ದು ಇದನ್ನು.

ಎದುರಾಳಿಯೂ ಅಷ್ಟೇನೂ ಶುದ್ಧನಲ್ಲ

ಆ ಟೈಲರ್ ಯಾರು? ಮರಣದಂಡನೆಗೆ ಗುರಿಯಾಗಿದ್ದ ಕೈದಿ. ಎಲ್ ಅವನನ್ನು ತನ್ನ ಬದಲು ಕೂರಿಸಿ ಬಲಿ ಕೊಟ್ಟ. ಟೋಕಿಯೋ ಸುತ್ತಲಿನ ಕಾಂತೋ ಪ್ರದೇಶದಲ್ಲಿ ಮಾತ್ರ ಪ್ರಸಾರ ಮಾಡಿದ್ದರಿಂದ ಕಿರಾ ಎಲ್ಲಿದ್ದಾನೆ ಅಂತ ಅವನಿಗೆ ತಿಳಿಯಿತು. ಜಾಣತನ ಹೌದು, ಆದರೆ ಒಬ್ಬ ಸತ್ತ. ಆಮೇಲೆ ಅವನು ಯಾಗಾಮಿಯವರ ಮನೆಯಲ್ಲೆಲ್ಲ ಗುಟ್ಟಾಗಿ ಕ್ಯಾಮೆರಾ ಇಡಿಸುತ್ತಾನೆ, ಲೈಟ್ ಕೋಣೆಯೊಂದರಲ್ಲೇ 64. ಲೈಟ್‌ನನ್ನು 50 ದಿನಕ್ಕೂ ಜಾಸ್ತಿ ಕೂಡಿಹಾಕುತ್ತಾನೆ. ಜಪಾನಿನಲ್ಲಿ ಇಂದಿಗೂ ಗಲ್ಲು ಶಿಕ್ಷೆ ಇದೆ, ಸರ್ಕಾರದ ಸಮೀಕ್ಷೆಗಳಲ್ಲಿ ಸುಮಾರು ನೂರಕ್ಕೆ 80 ಜನ ಅದನ್ನು ಒಪ್ಪುತ್ತಾರೆ. ಅಲ್ಲಿನ ಓದುಗರಿಗೆ ಕಿರಾನ ಪ್ರಶ್ನೆ ಬರೀ ಕಲ್ಪನೆಯದ್ದಾಗಿರಲಿಲ್ಲ.

ಅನಿಮೆ ಇಬ್ಬರನ್ನೂ ಬಣ್ಣದಲ್ಲಿ ಬೇರೆ ಮಾಡುತ್ತದೆ. ಲೈಟ್ ಯೋಚಿಸುವಾಗ ತೆರೆ ಕೆಂಪು, ಎಲ್ ಯೋಚಿಸುವಾಗ ನೀಲಿ. ಇನ್ನು ಆ ಪ್ರಸಿದ್ಧ ಚಿಪ್ಸ್ ದೃಶ್ಯ: ಪ್ಯಾಕೆಟ್‌ನೊಳಗೆ ಪುಟ್ಟ ಟಿವಿ ಇಟ್ಟುಕೊಂಡು, ಬಲಗೈಯಲ್ಲಿ ಲೆಕ್ಕ ಬಿಡಿಸುತ್ತಾ ಎಡಗೈಯಲ್ಲಿ ಹೆಸರು ಬರೆದು, ಮಹಾಯುದ್ಧ ಗೆದ್ದವನಂತೆ ಚಿಪ್ಸ್ ತಿನ್ನುತ್ತಾನೆ. ನಗು ಬರುತ್ತದೆ, ಬರಲಿ. ಬರೆಯುವುದನ್ನೂ ತಿನ್ನುವುದನ್ನೂ ಯುದ್ಧದಂತೆ ತೋರಿಸದೆ ಈ ಕಥೆಗೆ ಗತಿಯಿರಲಿಲ್ಲ.

ನೆನಪು ಹೋದ ಲೈಟ್

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ನಡುವಿನ ಯೋತ್ಸುಬಾ ಭಾಗ (ಯೋತ್ಸುಬಾ ಒಂದು ಕಂಪನಿ, ಹೊಸ ಕಿರಾ ಅಲ್ಲಿನವನು). ನೋಟ್‌ಬುಕ್ ಬಿಟ್ಟುಕೊಟ್ಟ ಲೈಟ್‌ಗೆ ಕಿರಾ ಆಗಿದ್ದ ನೆನಪೇ ಇಲ್ಲ. ಎಲ್ ಜೊತೆ ಸೇರಿ ಹೊಸ ಕಿರಾನನ್ನು ಹುಡುಕುತ್ತಾನೆ. ತನ್ನ ಮೇಲೆ ಪ್ರಾಣವಿಟ್ಟ, ಎರಡನೇ ಕಿರಾ ಆಗಿದ್ದ ಮಿಸಾಳ ಬಾಯಿ ಬಿಡಿಸು ಅಂತ ಎಲ್ ಹೇಳಿದರೆ, ಒಬ್ಬರ ಪ್ರೀತಿಯನ್ನು ಹಾಗೆ ಬಳಸಿಕೊಳ್ಳಲಾರೆ ಅನ್ನುತ್ತಾನೆ. ಹಿಂದೆ ಅದೇ ಹುಡುಗಿಯನ್ನು ಆಟದ ಸಾಮಾನಿನಂತೆ ಬಳಸಿದವನು ಇವನೇ! ನಿಜವಾಗಿಯೂ ಒಳ್ಳೆಯ ಹುಡುಗ.

ಆಮೇಲೆ 24ನೇ ಕಂತು. ಹೆಲಿಕಾಪ್ಟರ್‌ನಲ್ಲಿ ನೋಟ್‌ಬುಕ್ ಮತ್ತೆ ಕೈಗೆ ಬರುತ್ತದೆ. ಕಿರುಚುತ್ತಾನೆ, ನೆನಪೆಲ್ಲ ಮರಳುತ್ತದೆ, ತುಟಿಯಲ್ಲಿ ಆ ನಗು. ಎಲ್ಲ ಅವನೇ ಹಾಕಿದ್ದ ಲೆಕ್ಕ. ಒಳ್ಳೆಯ ಹುಡುಗ ಸತ್ತಂತಾಯಿತು, ಆದರೆ ನೋಡುತ್ತಿರುವ ನಮಗೆ ಮೈ ಜುಮ್ಮೆನ್ನುತ್ತದೆ. ನಾಯಕನ ದ್ವಂದ್ವ ಅಂತ ಪರೀಕ್ಷೆಯಲ್ಲಿ ಬರೆಯುವವರು ಈ ಜುಮ್ಮೆನ್ನುವಿಕೆಯ ಬಗ್ಗೆಯೂ ಬರೆಯಬೇಕು.

ಕೊನೆ ಯಾಕೆ ಸಪ್ಪೆ

25ನೇ ಕಂತಿನಲ್ಲಿ ಎಲ್ ಸಾಯುತ್ತಾನೆ. ಅಲ್ಲಿಂದ ಮುಂದೆ ಕಥೆ ಸಡಿಲವಾಯಿತು ಅನ್ನುವವರು ಬಹಳ. ಎಲ್ ಜಾಗಕ್ಕೆ ಬರುವ ನಿಯರ್, ಮೆಲ್ಲೋ ಚೆನ್ನಾಗಿಲ್ಲ ಅಂತ ದೂರುತ್ತಾರೆ. ನನಗೆ ಕಾಣುವ ಕಾರಣ ಬೇರೆ. ಕೊನೆಯ ಗೋದಾಮಿನ ದೃಶ್ಯದಲ್ಲಿ ನೋಟ್‌ಬುಕ್ ಬದಲಾಗಿರುವುದು ನಿಯರ್‌ಗೆ ಗೊತ್ತು, ನಮಗೆ ಗೊತ್ತಿಲ್ಲ. ಲೈಟ್ ಜೊತೆ ನಾವೂ 40 ಸೆಕೆಂಡ್ ಎಣಿಸುತ್ತೇವೆ, ಯಾರೂ ಸಾಯುವುದಿಲ್ಲ. ಆ ಒಂದು ನಿಮಿಷ ಅದ್ಭುತ. ಆದರೆ ನಿಯರ್ ಹೇಗೆ ಗೆದ್ದ ಎಂಬುದನ್ನು ನಮಗೆ ಕೂರಿಸಿ ವಿವರಿಸಬೇಕಾಗುತ್ತದೆ. ಜೊತೆಗೆ ನಡೆದ ಪ್ಲಾನಿನ ಸುಖ ಅದರಲ್ಲಿಲ್ಲ.

ಮಾಂಗಾದಲ್ಲಿ ಲೈಟ್ ಸಾಯಲು ಹೆದರಿ, ಅಂಗಲಾಚಿ ಸಾಯುತ್ತಾನೆ. ಅನಿಮೆಯಲ್ಲಿ ಗಾಯಗೊಂಡು ಓಡಿಹೋಗಿ, ಸಂಜೆ ಬೆಳಕಿನ ಮೆಟ್ಟಿಲ ಮೇಲೆ ಶಾಂತವಾಗಿ ಕಣ್ಣು ಮುಚ್ಚುತ್ತಾನೆ. ಎರಡರಲ್ಲೂ ಅವನ ಹೆಸರು ಬರೆಯುವವನು ರಿಯೂಕ್. ಅನಿಮೆ ಮಾಡಿದವರೂ ಲೈಟ್‌ಗೆ ಮನಸೋತಿದ್ದರು ಅನ್ನಿಸುತ್ತದೆ. ನೋಡಲು ಚೆಂದ, ಆದರೆ ಅಷ್ಟು ಜನರನ್ನು ಕೊಂದವನಿಗೆ ಅಷ್ಟು ಮೆತ್ತನೆಯ ಸಾವು ಜಾಸ್ತಿಯಾಯಿತು.

ಮತ್ತೆ ನೋಡುವವರು 7, 24 ಮತ್ತು 37ನೇ ಕಂತುಗಳನ್ನು ಒಟ್ಟಿಗೆ ನೋಡಿ. ಯಾವ ದೃಶ್ಯದಲ್ಲಿ ಯಾರಿಗೆ ಎಷ್ಟು ಗೊತ್ತು, ನಮಗೆ ಎಷ್ಟು ಗೊತ್ತು ಅಂತ ಪಕ್ಕದಲ್ಲೇ ಬರೆದುಕೊಳ್ಳುತ್ತಾ ಹೋಗಿ.