ತಾಯಿ ಇಲ್ಲದ್ದಕ್ಕೇ ಮಗು ಬಾಯಿ ಬಿಡುತ್ತಿಲ್ಲವೇ?

ಪ್ರಶ್ನೆ: ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಯಿತು. ಐದು ವರ್ಷದ ಮಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಾಳೆ. ಯುಕೆಜಿಗೆ ಸೇರಿಸಿ ಮೂರು ತಿಂಗಳಾದರೂ ಶಾಲೆಯಲ್ಲಿ ತುಟಿ ಬಿಚ್ಚಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದೂ ಕೇಳುವುದಿಲ್ಲ. ತಾಯಿ ಇಲ್ಲದ ಕೊರಗು, ಇನ್ನೊಂದು ಮದುವೆಯಾದರೆ ಸರಿಹೋಗುತ್ತಾಳೆ ಅನ್ನುತ್ತಾರೆ. ನಿಜವೇ?

ಅಲ್ಲ. ಊರು ಬದಲಾಗುತ್ತದೆ, ಮಗುವಿನ ವಯಸ್ಸು ಬದಲಾಗುತ್ತದೆ, ಈ ಪ್ರಶ್ನೆಯ ಕೊನೆಯ ಎರಡು ವಾಕ್ಯ ಮಾತ್ರ ಬದಲಾಗುವುದೇ ಇಲ್ಲ. ಆದ್ದರಿಂದ ಮೊದಲು ಅದನ್ನೇ ಮುಗಿಸೋಣ.

ಮಗುವಿನ ಸಂಕೋಚ ಒಂದು ಖಾತೆ, ತಾಯಿ ಹೋದ ದುಃಖ ಇನ್ನೊಂದು ಖಾತೆ. ಎರಡನ್ನೂ ಸೇರಿಸಿ ಲೆಕ್ಕ ಬರೆದರೆ ಯಾವುದೂ ತಾಳೆಯಾಗದು. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ ತೋರಿಸಿ, ಹೊಸ ದನಿ ಕೇಳಿಸಿ ನೋಡಿದರು. ಐದರಲ್ಲಿ ಒಂದರಷ್ಟು ಕೂಸುಗಳು ಕೈಕಾಲು ಬಡಿದು ಅತ್ತವು. ಮುಂದೆ ಹೊಸಬರನ್ನು ಕಂಡರೆ ಹಿಂಜರಿಯುವ ಮಕ್ಕಳಾದವರು ಹೆಚ್ಚಾಗಿ ಅವೇ. ಅಂದರೆ ಇದರಲ್ಲಿ ಹುಟ್ಟುಗುಣದ ಪಾಲು ದೊಡ್ಡದು. (ಸುಟ್ಟರೂ ಹೋಗದು ಎಂಬ ಗಾದೆಯನ್ನು ಇಲ್ಲಿ ತರಬೇಡಿ. ಆ ಕೂಸುಗಳಲ್ಲಿ ಎಷ್ಟೋ ಬೆಳೆಯುತ್ತ ಸಡಿಲಗೊಂಡವು.) ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಐದು ನಿಮಿಷ ನಿಲ್ಲಿ. ಅಮ್ಮನ ದುಪಟ್ಟಾ ಬಿಡದ ಒಂದಿಬ್ಬರಾದರೂ ಕಾಣುತ್ತಾರೆ. ಅವರಿಗೆ ಯಾರ ಕೊರಗು?

ಅನುಮಾನವಿದ್ದರೆ ಫೋನಿನಲ್ಲಿ ಅವಳ ಎರಡನೇ ಹುಟ್ಟುಹಬ್ಬದ ವಿಡಿಯೊ ಹುಡುಕಿ. ಎಲ್ಲರೂ ಚಪ್ಪಾಳೆ ತಟ್ಟುವಾಗ ಅಮ್ಮನ ಕುತ್ತಿಗೆಗೆ ಮುಖ ಒತ್ತಿಕೊಂಡಿದ್ದರೆ ಉತ್ತರ ಸಿಕ್ಕಿತು, ಅವಳು ಆಗಲೂ ಹೀಗೇ ಇದ್ದಳು. ದುಃಖದ ಗುರುತು ಬದಲಾವಣೆ: ಚುರುಕಾಗಿದ್ದ ಮಗು ಮಂಕಾಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ನೀವು ಸ್ನಾನಕ್ಕೆ ಹೋದರೂ ಬಾಗಿಲ ಮುಂದೆ ಕಾದು ಕೂರುವುದು. ಇವು ಮನೆಯೊಳಗೂ ಕಾಣುತ್ತವೆ. ಶಾಲೆಯ ಗೇಟು ದಾಟಿದ ಮೇಲೆ ಶುರುವಾಗಿ ಮೂರೂವರೆಗೆ ಮುಗಿಯುವ ದುಃಖ ಇಲ್ಲ.

ಇನ್ನು ಮದುವೆಯ ಮಾತು. ‘ತಾಯಿ ಸತ್ತರೆ ತಂದೆ ಚಿಕ್ಕಪ್ಪ’ ಎಂದು ನಿಟ್ಟುಸಿರು ಬಿಟ್ಟು, ಅದೇ ಉಸಿರಿನಲ್ಲಿ ಹೆಣ್ಣು ತೋರಿಸುವ ಹಿರಿಯರಿದ್ದಾರೆ. ಗಾದೆಯ ಅರ್ಥವನ್ನಾದರೂ ನೋಡಬಾರದೇ? ತಂದೆ ಚಿಕ್ಕಪ್ಪನಾಗುವುದು ಮನೆಗೆ ಚಿಕ್ಕಮ್ಮ ಬಂದ ಮೇಲೆ. ಮಲತಾಯಂದಿರೆಲ್ಲ ಕೆಟ್ಟವರೆಂಬ ಇನ್ನೊಂದು ಸುಳ್ಳನ್ನೂ ನಾನು ಒಪ್ಪುವವನಲ್ಲ. ಆದರೆ ಸಂಕೋಚದ ಮಗುವಿಗೆ ಅತಿ ಕಷ್ಟದ್ದು ಹೊಸಬರು. ಅವಳು ಬಾಯಿ ತುಂಬ ಮಾತಾಡುವ ಜಾಗ ಸದ್ಯಕ್ಕೆ ಮನೆಯೊಂದೇ. ಅಲ್ಲಿಗೇ ಹೊಸಬರೊಬ್ಬರನ್ನು ಕರೆತಂದು, ‘ಅಮ್ಮಾ ಅನ್ನು’ ಎಂದು ಮೊದಲ ದಿನವೇ ಒತ್ತಾಯಿಸಿದರೆ ಅದು ಔಷಧ ಹೇಗಾದೀತು? ಮದುವೆಯಾಗಬೇಕೆನಿಸಿದರೆ ನಿಮಗಾಗಿ ಆಗಿ. ಮಗಳ ನಾಚಿಕೆಗೆ ಚಿಕಿತ್ಸೆಯೆಂದು ಒಬ್ಬ ಹೆಂಗಸನ್ನು ಮನೆಗೆ ತರಬೇಡಿ. ಮತ್ತೆ, ಅವಳ ಎದುರಿಗೆ ‘ಪಾಪ, ತಾಯಿಲ್ಲದ ಮಗು’ ಎಂದು ಪಿಸುಗುಟ್ಟುವವರನ್ನು ನಯವಾಗಿ ಅಡುಗೆಮನೆಗೆ ಸಾಗಹಾಕಿ. ಐದು ವರ್ಷದವರಿಗೆ ಪಿಸುಮಾತೇ ಚೆನ್ನಾಗಿ ಕೇಳಿಸುವುದು.

ಈಗ ಮಾಡಬೇಕಾದದ್ದು. ಮನೆಯಲ್ಲಿ ಸರಾಗ ಮಾತು, ಶಾಲೆಯಲ್ಲಿ ಪೂರ್ತಿ ಮೌನ. ಸೇರಿದ ಮೊದಲ ತಿಂಗಳು ಕಳೆದ ಮೇಲೂ ಇದು ಒಂದು ತಿಂಗಳು ಮುಂದುವರಿದರೆ ‘ಸೆಲೆಕ್ಟಿವ್ ಮ್ಯೂಟಿಸಮ್’ ಇರಬಹುದು. ಅದು ಆತಂಕದ ತೊಂದರೆ. ಹಟ ಎಂದುಕೊಂಡು ಗದರಿದರೆ ಹೆಚ್ಚುತ್ತದೆ. ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್ ಆಗಿದ್ದರೆ ಅವಳು ಕನ್ನಡದ ಮಕ್ಕಳೊಡನೆಯಾದರೂ ಮಾತಾಡುತ್ತಾಳೆಯೇ ಎಂದು ಟೀಚರನ್ನು ಕೇಳಿ. ಮಾತಾಡುತ್ತಿದ್ದರೆ ತೊಡಕು ಭಾಷೆಯದಿರಬಹುದು. ನಿಮ್ಮಲ್ಲಿ ಮೂರು ತಿಂಗಳಾಗಿರುವುದರಿಂದ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ.

ನಾಳೆಯೇ ಆಗಬೇಕಾದದ್ದು ಬಾತ್‌ರೂಮಿನ ವಿಷಯ. ಅಂಗೈ ಅಗಲದ ರಟ್ಟಿನ ಮೇಲೆ ನಲ್ಲಿಯದೋ ಬಾಗಿಲಿನದೋ ಚಿತ್ರ ಬರೆದು ಕೊಡಿ. ಅದನ್ನು ಮೇಜಿನ ಮೇಲಿಟ್ಟರೆ ಹೋಗಿಬರಬಹುದು ಎಂದು ಟೀಚರ್ ಜತೆ ಮಾತಾಡಿಕೊಳ್ಳಿ. ದಿನವಿಡೀ ತಡೆದುಕೊಂಡರೆ ಮೂತ್ರದ ಸೋಂಕು ಬರಬಹುದು.

ಆಮೇಲೆ ಮಾತು. ಶಾಲೆ ಶುರುವಾಗುವ ಕಾಲು ಗಂಟೆ ಮೊದಲು, ವಾರಕ್ಕೆ ಮೂರು ದಿನ, ಖಾಲಿ ತರಗತಿಯಲ್ಲಿ ನೀವಿಬ್ಬರೇ ಹಾವು-ಏಣಿ ಆಡಿ. ಮನೆಯಲ್ಲಿ ಬರುವ ದನಿ ಅಲ್ಲಿ ಬರುವವರೆಗೆ ಇನ್ನೇನನ್ನೂ ಬದಲಿಸಬೇಡಿ. ಬಂದ ಮೇಲೆ ಟೀಚರ್ ಬಾಗಿಲ ಹೊರಗೆ. ಆಮೇಲೆ ಒಳಗೆ, ಬೆನ್ನು ತಿರುಗಿಸಿ ನೋಟ್‌ಬುಕ್ ತಿದ್ದುತ್ತ. ಆಮೇಲೆ ಪಕ್ಕದ ಬೆಂಚು. ಕೊನೆಗೆ ಅವರೂ ದಾಳ ಹಾಕಬೇಕು. ದನಿ ನಿಂತರೆ ಒಂದು ಹೆಜ್ಜೆ ಹಿಂದೆ. ವಾರಗಟ್ಟಲೆ ಹಿಡಿಯುತ್ತದೆ. ‘ನೀನು ಆಡ್ತೀಯಾ?’ ಎಂದರೆ ತಲೆಯಾಡಿಸಿ ಮುಗಿಸುತ್ತಾಳೆ. ‘ಕೆಂಪು ಕಾಯಿ ಬೇಕಾ, ಹಸಿರಾ?’ ಎಂದು ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ ಕಾಯಬೇಕು. ಅವಳ ಪರವಾಗಿ ನೀವು ಉತ್ತರ ಕೊಡಬೇಡಿ. ಇದು ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಮೊದಲ ಪದ ಬಂದ ಖುಷಿಗೆ ಟೀಚರ್ ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸುತ್ತಾರೆ. ಮರುದಿನ ಬಾಯಿಗೆ ಬೀಗ. ಏನೂ ಆಗದವರಂತೆ ಆಟ ಮುಂದುವರಿಸಲು ಮೊದಲೇ ಹೇಳಿಡಿ.

ಬೆಳಿಗ್ಗೆ ಅಷ್ಟು ಸಮಯ ಎಲ್ಲಿಂದ ಎನ್ನುವವರಲ್ಲಿ ಕೇಂದ್ರ ಸರ್ಕಾರಿ ನೌಕರರಿದ್ದರೆ, 2018ರ ಡಿಸೆಂಬರ್‌ನಿಂದ ಶಿಶುಪಾಲನಾ ರಜೆ ಪತ್ನಿ ಇಲ್ಲದ ತಂದೆಗೂ ಇದೆ. ಸೇವೆಯಲ್ಲಿ ಒಟ್ಟು 730 ದಿನ, ಮೊದಲ 365ಕ್ಕೆ ಪೂರ್ತಿ ಸಂಬಳ, ಉಳಿದದ್ದಕ್ಕೆ ಶೇ 80.

ನೀವು ಕೇಳದಿದ್ದರೂ ಜಡೆಯ ಬಗ್ಗೆ ಹೇಳಬೇಕು. ತಾಯಿ ಇಲ್ಲದ ಮನೆಯಲ್ಲಿ ಹುಡುಗಿಯ ಕೂದಲಿಗೆ ಮೊದಲು ಕತ್ತರಿ ಬೀಳುತ್ತದೆ, ಅಪ್ಪನಿಗೆ ಬಾರದು ಎಂಬ ಒಂದೇ ಕಾರಣಕ್ಕೆ. ಕಲಿಯಲು ಒಂದು ವಾರ ಸಾಕು. ಹಿಂದಿನ ರಾತ್ರಿ ಒಂದು ಚಮಚ ಕೊಬ್ಬರಿ ಎಣ್ಣೆ. ಬೆಳಿಗ್ಗೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಮೇಲಕ್ಕೆ ಬನ್ನಿ. ಬುಡದಿಂದ ಎಳೆದರೆ ಸಿಕ್ಕು ಗಂಟಾಗಿ ಅವಳು ಅಳುತ್ತಾಳೆ. ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದು, ಒಂದು ಪಾಲನ್ನು ಕ್ಲಿಪ್ಪಿನಲ್ಲಿ ಕಟ್ಟಿಡಿ. ಇನ್ನೊಂದನ್ನು ಸಮನಾಗಿ ಮೂರು ಕಾಲು ಮಾಡಿ ಹೆಣೆಯಿರಿ. ಜಡೆ ಸಡಿಲವಾಗುವುದು ಮೊದಲ ಎರಡು ಹೆಣಿಗೆಯಲ್ಲಿ, ಅಲ್ಲಿ ಬಿಗಿ ಹಿಡಿದರೆ ಸಾಕು. ಬರೀ ರಬ್ಬರ್ ಬ್ಯಾಂಡ್ ಬೇಡ, ಬಿಚ್ಚುವಾಗ ಕೂದಲು ಕಿತ್ತು ಬರುತ್ತದೆ. ಬಟ್ಟೆ ಸುತ್ತಿದ್ದು ಸಿಗುತ್ತದೆ. ಭಾನುವಾರ ಒದ್ದೆ ತಲೆಗೆ ಸೀರಣಿಗೆ ಹಾಕಿ ಹೇನು ನೋಡಿ.

ಎರಡು ಜಡೆಗೆ ಹತ್ತು ನಿಮಿಷ. ಅಷ್ಟು ಹೊತ್ತು ಅವಳ ಬೆನ್ನು ನಿಮ್ಮ ಕಡೆಗೆ, ಮುಖ ಗೋಡೆಗೆ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಬಾರದ ಮಾತು ಸಂಕೋಚದ ಮಕ್ಕಳಿಂದ ಹೊರಬರುವುದು ಇಂಥ ಹೊತ್ತಿನಲ್ಲೇ. ‘ಅಮ್ಮ ಯಾವಾಗ ಬರ್ತಾಳೆ’ ಎಂಬುದೂ ಆಗಲೇ ಬರಬಹುದು. ಊರಿಗೆ ಹೋಗಿದ್ದಾಳೆ, ಮಲಗಿದ್ದಾಳೆ ಎನ್ನಬೇಡಿ. ಮಗು ಕಾಯುತ್ತದೆ, ಇಲ್ಲವೇ ಮಲಗಲು ಹೆದರುತ್ತದೆ. ‘ಅಮ್ಮ ಸತ್ತುಹೋದಳು ಪುಟ್ಟಿ, ಅವಳ ಮೈ ಕೆಲಸ ಮಾಡೋದು ನಿಂತುಹೋಯ್ತು, ವಾಪಸ್ ಬರೋಕೆ ಆಗಲ್ಲ’ ಎಂದು ಹೇಳಿ, ಕೈ ನಿಲ್ಲಿಸದೆ ಹೆಣೆಯುತ್ತಿರಿ. ನಾಳೆಯೂ ಅದನ್ನೇ ಕೇಳುತ್ತಾಳೆ. ನಾಳೆಯೂ ಅದನ್ನೇ ಹೇಳಿ.