ಮೆಟಾಲಿಕಾ ಹಾಳಾಗಿದ್ದು ಯಾವಾಗ?

ದಾವಣಗೆರೆಯಲ್ಲಿ ಮೆಟಾಲಿಕಾ ಎಂಬ ಅಮೆರಿಕದ ಅಬ್ಬರದ ರಾಕ್ ಬ್ಯಾಂಡನ್ನು ಕೇಳುವವರಿದ್ದಾರಾ ಅಂತ ನಗಬೇಡಿ. ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು, ಅವುಗಳ ಹಾಸ್ಟೆಲ್ಲುಗಳು ತುಂಬಿರುವ ಊರಿದು. ಕ್ಯಾಸೆಟ್ ಕಾಲದಿಂದಲೂ ಹೆವಿ ಮೆಟಲ್ ಇಲ್ಲಿ ಒಂದು ರೂಮಿನಿಂದ ಇನ್ನೊಂದು ರೂಮಿಗೆ ದಾಟುತ್ತಲೇ ಬಂದಿದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಬ್ಯಾಂಡ್ ನುಡಿಸಿದಾಗ ಇಲ್ಲಿಂದ ರೈಲು ಹತ್ತಿ ಹೋದವರು ಈಗ ನಲವತ್ತು ದಾಟಿದ್ದಾರೆ. ಅಂಥ ಮೂವರು ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತರೆ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಬ್ಯಾಂಡ್ ಹಾಳಾಗಿದ್ದು ಯಾವಾಗ?

ಒಬ್ಬರಿಗೆ 1991ರ ಕಪ್ಪು ಹೊದಿಕೆಯ ಆಲ್ಬಂನಿಂದಲೇ. ಇನ್ನೊಬ್ಬರಿಗೆ 1996ರ ‘ಲೋಡ್’ನಿಂದ. 2003ರ ‘ಸೇಂಟ್ ಆ್ಯಂಗರ್’ ಹೆಸರೆತ್ತಿದರೆ ಮೂವರೂ ತಲೆ ಚಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ಬಾಯಿ ಹಾಕಿ “2023ರ ‘72 ಸೀಸನ್ಸ್’ ಚೆನ್ನಾಗೈತಲ್ಲಣ್ಣ” ಅಂದರೆ ಮುಗಿಯಿತು. “ನಿಂಗೇನ್ ಗೊತ್ತಲೇ ತಮ್ಮಾ, ‘ಮಾಸ್ಟರ್ ಆಫ್ ಪಪೆಟ್ಸ್’ ಬಂದಾಗ ನೀ ಹುಟ್ಟಿರ್ಲಿಲ್ಲ!” ಆ ಆಲ್ಬಂ ಬಂದದ್ದು 1986ರಲ್ಲಿ. ಹೀಗೆ ಬೈದವರೂ ಆಗ ಅಂಗನವಾಡಿಯಲ್ಲಿದ್ದರು, ಆ ಮಾತು ಬೇರೆ.

ಈ ಜಗಳದಲ್ಲಿ ಎರಡು ದೂರುಗಳು ಕಲಸಿಹೋಗಿವೆ ಅನ್ನೋದು ನನ್ನ ವಾದ. ಒಂದು ದೂರು ಸದ್ದಿನ ಬಗ್ಗೆ. ಅದನ್ನು ಯಂತ್ರ ಇಟ್ಟು ಅಳೆಯಬಹುದು. ಇನ್ನೊಂದು ದೂರು ಹೊರಗೆ ಆಲ್ಬಂ ಬಗ್ಗೆ ಅನಿಸಿದರೂ, ನಿಜಕ್ಕೂ ಕೇಳುವವರ ವಯಸ್ಸಿನ ಬಗ್ಗೆ.

ಮೊದಲನೆಯದಕ್ಕೆ ಒಳ್ಳೆಯ ಸಾಕ್ಷಿ 2008ರ ‘ಡೆತ್ ಮ್ಯಾಗ್ನೆಟಿಕ್’. ಹಾಡುಗಳು ಚೆನ್ನಾಗಿವೆ, ಆದರೆ ಕೇಳ್ತಾ ಕೇಳ್ತಾ ಕಿವಿ ಸುಸ್ತಾಗುತ್ತದೆ ಅಂತ ಅಭಿಮಾನಿಗಳು ಬಂದ ಹೊಸದರಲ್ಲೇ ದೂರಿದರು. ಅದೇ ಹೊತ್ತಿಗೆ ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೊ ಗೇಮ್‌ನಲ್ಲೂ ಬಂದವು. ಗೇಮ್‌ನಲ್ಲಿ ಕೇಳಿದವರಿಗೆ ಆಶ್ಚರ್ಯ. ಅಲ್ಲಿ ಡ್ರಮ್ಮಿನ ಏಟು ಬೇರೆ, ಗಿಟಾರ್ ಬೇರೆ ಅಂತ ಬಿಡಿಸಿ ಕೇಳುತ್ತಿತ್ತು. ಕೆಲವರು ಎರಡನ್ನೂ ಕಂಪ್ಯೂಟರಿಗೆ ಹಾಕಿ ಧ್ವನಿಯ ಗ್ರಾಫ್ ತೆಗೆದರು. ಗೇಮ್‌ನ ಗ್ರಾಫ್ ಚಿತ್ರದುರ್ಗದ ಗುಡ್ಡಗಳ ಸಾಲಿನಂತೆ ಏರಿ ಇಳಿದರೆ, ಸಿಡಿಯ ಗ್ರಾಫ್ ಅಲ್ಲಿನ ಕೋಟೆ ಗೋಡೆಯಂತೆ ಸಪಾಟಾಗಿ ನಿಂತಿತ್ತು. ಆಲ್ಬಂ ಅನ್ನು ಮತ್ತೆ ಸರಿಯಾಗಿ ಮಿಕ್ಸ್ ಮಾಡಿ, ಅಂದರೆ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸಿ ಕೊಡಿ ಅಂತ 10 ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು.

ಹಾಗಾದರೆ ಸಿಡಿಯಲ್ಲಿ ಆಗಿದ್ದೇನು? ಸಿಡಿಯಲ್ಲಿ ಧ್ವನಿಯ ಪ್ರತಿ ಕ್ಷಣವೂ ಒಂದು ಸಂಖ್ಯೆಯಾಗಿ ಕೂತಿರುತ್ತದೆ. ಒಂದು ಸೆಕೆಂಡಿಗೆ 44,100 ಸಂಖ್ಯೆಗಳು. ಪ್ರತಿ ಸಂಖ್ಯೆಗೂ 65,536 ಮೆಟ್ಟಿಲುಗಳಲ್ಲಿ ಒಂದು ಮಾತ್ರ ಸಿಗುತ್ತದೆ. ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್ ಜಾಗ. ಇದು ಧಾರಾಳವಾಯಿತು. ಆದರೆ ಮೇಲಿನ ಮೆಟ್ಟಿಲಿನ ಆಚೆ ಏನೂ ಇಲ್ಲ. ಡ್ರಮ್ಮಿನ ಏಟು ಕ್ಷಣಮಾತ್ರ ಆ ಎತ್ತರಕ್ಕೆ ಚಿಮ್ಮುತ್ತದೆ, ಉಳಿದ ವಾದ್ಯಗಳು ಕೆಳಗೇ ಇರುತ್ತವೆ. ಇಡೀ ಹಾಡು ಜೋರಾಗಿ ಕೇಳಬೇಕು ಅಂದರೆ ಒಂದೇ ದಾರಿ. ಚಿಮ್ಮುವ ಏಟುಗಳನ್ನು ಒತ್ತಿ ತಗ್ಗಿಸಿ, ಉಳಿದದ್ದನ್ನೆಲ್ಲ ಮೇಲಕ್ಕೆತ್ತಬೇಕು. ಇದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಹದವಾಗಿ ಮಾಡಿದರೆ ಹಾಡಿಗೆ ಬಲ ಬರುತ್ತದೆ. ಮಿತಿ ಮೀರಿದರೆ ಅಲೆಗಳ ತಲೆ ಕತ್ತರಿಸಿ ಹೋಗುತ್ತದೆ, ಅಂದರೆ ಕ್ಲಿಪ್ಪಿಂಗ್. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಹೊಸ ಕಂಪನಗಳು ಹುಟ್ಟುತ್ತವೆ. ಕಿವಿಗೆ ಅದು ಗರಗರ ಅನಿಸುತ್ತದೆ.

ಇಷ್ಟೆಲ್ಲ ಯಾಕೆ ಮಾಡಿದರು ಅಂದರೆ ತಪ್ಪು ನಮ್ಮ ಕಿವಿಯದ್ದೂ ಹೌದು. ಸದ್ದು ಕಮ್ಮಿಯಿದ್ದಾಗ ನಮಗೆ ತಗ್ಗಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ. ಇದನ್ನು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಅಳೆದು ತೋರಿಸಿದರು. ಒಂದೇ ಹಾಡನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಬೇಸ್ ತುಂಬಿಕೊಂಡಂತೆ, ಹಾಡೇ ಚೆನ್ನಾಗಿದ್ದಂತೆ ಅನಿಸುತ್ತದೆ. ಪಕ್ಕದವನ ಸಿಡಿಗಿಂತ ನಮ್ಮದು ಜೋರಾಗಿರಲಿ ಅಂತ ಪ್ರತಿಯೊಬ್ಬರೂ ಒತ್ತುತ್ತಾ ಹೋದರು. ಈಗ ಸ್ಪಾಟಿಫೈನಂಥ ಸೇವೆಗಳು ಎಲ್ಲ ಹಾಡುಗಳ ಜೋರನ್ನೂ ತಾವೇ ಒಂದು ಮಟ್ಟಕ್ಕೆ ತರುತ್ತವೆ. ಒತ್ತಿ ಗಳಿಸಿದ ಲಾಭ ಅಲ್ಲಿಗೆ ಹೋಯಿತು. ಹಾಳಾದ ಸದ್ದು ಮಾತ್ರ ಹಾಗೇ ಉಳಿಯಿತು.

‘ಸೇಂಟ್ ಆ್ಯಂಗರ್’ ಕಥೆ ಇನ್ನೂ ಸರಳ. ಸ್ನೇರ್ ಡ್ರಮ್ಮಿನ ಕೆಳಗಿನ ಚರ್ಮಕ್ಕೆ ತಾಗಿದಂತೆ ಸುರುಳಿ ತಂತಿಗಳಿರುತ್ತವೆ. ಏಟಿಗೆ ಆ ‘ಚಟ್’ ಸದ್ದು ಕೊಡುವುದು ಅವೇ. ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್ ಆ ಆಲ್ಬಂನಲ್ಲಿ ತಂತಿಗಳನ್ನು ಸಡಿಲ ಬಿಟ್ಟೇ ಬಾರಿಸಿದ. ಅದಕ್ಕೇ ಡ್ರಮ್ ಟಣಟಣ ಅನ್ನುತ್ತದೆ. ಇದು ಯಾರ ಕಿವಿಯ ಭ್ರಮೆಯೂ ಅಲ್ಲ.

ಉದ್ದವೂ ಅಳೆಯಬಹುದಾದ ವಿಷಯವೇ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಸಿದರೆ ಚೆನ್ನ. ಜಾಸ್ತಿ ತುಂಬಿದರೆ ಗೀರುಗಳು ಇಕ್ಕಟ್ಟಾಗಿ ಸದ್ದು ಕುಗ್ಗುತ್ತದೆ. ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ 8 ಹಾಡು, ಸುಮಾರು 55 ನಿಮಿಷ. ಸಿಡಿ ಬಂದ ಮೇಲೆ ಆ ಕಡಿವಾಣ ಹೋಯಿತು. ‘ಲೋಡ್’ನಲ್ಲಿ 14 ಹಾಡು, ಹೆಚ್ಚುಕಮ್ಮಿ 79 ನಿಮಿಷ. ಸಿಡಿ ಪೂರ್ತಿ ಭರ್ತಿ. ಅದರಲ್ಲಿ ನಾಲ್ಕೈದು ಹಾಡು ಕೈಬಿಟ್ಟಿದ್ದರೆ ಈ ಮೂವರು ಅದಕ್ಕೆ ಇಷ್ಟು ಬೈಯುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಹಿರಿಯರೇ ಗೆದ್ದರು. ಆದರೆ 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಅನ್ನು ಏನು ಮಾಡೋಣ? ಅದರಲ್ಲಿ ತಗ್ಗಿನ ಸ್ವರ ನುಡಿಸುವ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. ಬ್ಯಾಂಡಿನ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್‌ನ ಬಸ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಬಂದ ಜೇಸನ್ ನ್ಯೂಸ್ಟೆಡ್‌ನ ಬೇಸನ್ನು ಮಿಕ್ಸಿಂಗ್‌ನಲ್ಲಿ ಅಷ್ಟು ತಗ್ಗಿಸಿಬಿಟ್ಟಿದ್ದರು. ಉಳಿದದ್ದನ್ನು ಗಿಟಾರ್ ನುಂಗಿತು. ಬೇಸ್‌ನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಗಿಟಾರಿನದ್ದು ಸುಮಾರು 82 ಸಲ. ಬೇಸ್ ತಂತಿ 41ರ ಜೊತೆಗೆ ಅದರ ದುಪ್ಪಟ್ಟನ್ನೂ, ಮೂರು ಪಟ್ಟನ್ನೂ ಹೊರಡಿಸುತ್ತದೆ. ದುಪ್ಪಟ್ಟು ಅಂದರೆ ಸರಿಯಾಗಿ ಗಿಟಾರಿನ ಜಾಗವೇ. ಹತ್ತಿರದ ಎರಡು ಕಂಪನಗಳಲ್ಲಿ ಜೋರಿನದ್ದು ಮೆಲ್ಲನೆಯದನ್ನು ಮುಚ್ಚಿಹಾಕುವುದು ನಮ್ಮ ಒಳಗಿವಿಯ ಸ್ವಭಾವ. ಇದೂ ಅಳೆಯಬಹುದಾದ ದೋಷ, ಅಲ್ವಾ? ಆದರೂ ಅದೇ ಮೂವರು ಈ ಆಲ್ಬಂ ಅನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಬೇಸ್ ಇಲ್ಲದ್ದೇ ಅದರ ಖದರು ಅನ್ನುವವರೂ ಇದ್ದಾರೆ!

ಎರಡನೆಯ ದೂರು ಇರುವುದು ಇಲ್ಲೇ. 1989ರಲ್ಲಿ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಅಮೆರಿಕದ ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಹಲವು ದಶಕಗಳ ಜನಪ್ರಿಯ ಹಾಡುಗಳನ್ನು ಕೇಳಿಸಿ ಅಂಕ ಕೊಡಿಸಿದರು. ತಾವು 23, 24ರ ಆಸುಪಾಸಿನಲ್ಲಿದ್ದಾಗ ಬಂದ ಹಾಡುಗಳಿಗೇ ಜನ ಹೆಚ್ಚು ಅಂಕ ಕೊಟ್ಟಿದ್ದರು. ಮನೋವಿಜ್ಞಾನಿ ರಾಬರ್ಟ್ ಜಾಯೊನ್ಸ್ ಇನ್ನೂ ಮೊದಲೇ, 1968ರಲ್ಲಿ, ಬರೀ ಪದೇ ಪದೇ ಎದುರಾಗುವುದರಿಂದಲೇ ಒಂದು ವಸ್ತು ಇಷ್ಟವಾಗುತ್ತದೆ ಅಂತ ತೋರಿಸಿದ್ದ. ಹಾಸ್ಟೆಲ್ಲಿನಲ್ಲಿ ಕ್ಯಾಸೆಟ್ ಇದ್ದದ್ದೇ ಬೆರಳೆಣಿಕೆಯಷ್ಟು. ಇಷ್ಟವಾಗಲಿ ಬಿಡಲಿ, ಅದನ್ನೇ ತಿರುಗಿಸಿ ತಿರುಗಿಸಿ ಹಾಕಬೇಕಿತ್ತು. ‘72 ಸೀಸನ್ಸ್’ಗೆ ಅದೇ ಜನ ಕೊಟ್ಟದ್ದು ಬೈಕಿನಲ್ಲಿ ಹರಿಹರಕ್ಕೆ ಹೋಗಿಬರುವಷ್ಟು ಹೊತ್ತು.

ಮೆದುಳಿನ ಕಡೆಯಿಂದಲೂ ಹೊಸ ಹಾಡಿಗೆ ಇದು ಅನ್ಯಾಯವೇ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ, ಜನ ತಮ್ಮ ಮೆಚ್ಚಿನ ಸಂಗೀತ ಕೇಳುತ್ತಿರುವಾಗ ಮೆದುಳಿನ ಸ್ಕ್ಯಾನ್ ಮಾಡಿತು. ಮೈ ಜುಂ ಅನ್ನುವ ಕ್ಷಣದಲ್ಲಿ ಡೋಪಮೈನ್ ಎಂಬ, ಖುಷಿಯ ಜೊತೆ ನಂಟಿರುವ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಆದರೆ ಅದಕ್ಕೂ ಕೆಲವು ಸೆಕೆಂಡು ಮೊದಲೇ, ‘ಈಗ ಬರುತ್ತೆ’ ಅಂತ ಕಾಯುವಾಗಲೂ ಮೆದುಳಿನ ಇನ್ನೊಂದು ಭಾಗದಲ್ಲಿ ಆಗುತ್ತಿತ್ತು. ಮೊದಲ ಸಲ ಕೇಳುವ ಆಲ್ಬಂನಲ್ಲಿ ಮುಂದೆ ಏನು ಬರುತ್ತೆ ಅಂತಲೇ ಗೊತ್ತಿಲ್ಲ. ಅರ್ಧ ಖುಷಿಗೆ ಅಲ್ಲೇ ಖೋತಾ.

ಹಾಗಂತ ಹುಡುಗ ಗೆದ್ದ ಅಂತಲೂ ಅಲ್ಲ. ಅವನಿಗೆ ‘72 ಸೀಸನ್ಸ್’ ಯಾಕೆ ಇಷ್ಟ? ಅವನಿಗಿನ್ನೂ ಇಪ್ಪತ್ತು. ಮೇಲಿನ ಲೆಕ್ಕ ಅವನಿಗೂ ಅನ್ವಯಿಸುತ್ತದೆ. ಜೊತೆಗೆ ಅವನಿಗೆ ‘ಮಾಸ್ಟರ್ ಆಫ್ ಪಪೆಟ್ಸ್’ ಕೂಡ ಬಾಯಿಪಾಠ, ಯಾಕೆಂದರೆ ಅವನ ಚಿಕ್ಕಪ್ಪ ಮನೆಯಲ್ಲಿ ಅದನ್ನೇ ಹಾಕುತ್ತಿದ್ದರಂತೆ. ಇದೂ ದಾಖಲಾದ ವಿಷಯ. ಇಪ್ಪತ್ತರ ಆಸುಪಾಸಿನವರಿಗೆ ತಮ್ಮ ಅಪ್ಪ ಅಮ್ಮನ ಹರೆಯದ ಹಾಡುಗಳ ಮೇಲೂ ವಿಶೇಷ ಪ್ರೀತಿ ಇರುತ್ತದೆ ಅಂತ ಕರೋಲ್ ಕ್ರುಮ್ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಎಂಬ ಸಂಶೋಧಕರು 2013ರಲ್ಲಿ ವರದಿ ಮಾಡಿದರು.

ಇದಕ್ಕೆ ಒಂದು ನೇರ ಪರೀಕ್ಷೆ ಮಾಡಬಹುದಲ್ಲ ಅಂತ ನಿಮಗೆ ಅನಿಸಬಹುದು. ಹೆಸರು ಹೇಳದೆ, ಎಲ್ಲ ಹಾಡುಗಳ ಜೋರನ್ನೂ ಸಮ ಮಾಡಿ, ಹಳೆಯದು ಹೊಸದು ಬೆರೆಸಿ ಕೇಳಿಸಿ ಅಂಕ ಹಾಕಿಸುವುದು. ಅಭಿಮಾನಿಗಳ ಮೇಲೆ ಇದು ನಡೆಯಲ್ಲ. ಪ್ರಸಿದ್ಧ ಹಾಡುಗಳಿಂದ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ತುಣುಕು ಕೇಳಿಸಿದರೂ, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಜನ ಹಾಡಿನ ಹೆಸರನ್ನೂ ಹಾಡಿದವರ ಹೆಸರನ್ನೂ ಹೇಳಿಬಿಡುತ್ತಾರೆ ಅಂತ ಇದೇ ಕ್ರುಮ್ಹಾನ್ಸಲ್ 2010ರಲ್ಲಿ ಕಂಡುಕೊಂಡಿದ್ದರು. ‘ಸೇಂಟ್ ಆ್ಯಂಗರ್’ನ ಆ ಟಣ್ ಸದ್ದಿಗಂತೂ ಅಷ್ಟೂ ಬೇಡ. ಹಾಗಾಗಿ ನಮಗೆ ಬೇಕಾಗಿರುವುದು ಮೆಟಾಲಿಕಾ ಹೆಸರನ್ನೇ ಕೇಳದವರು. ದಾವಣಗೆರೆಯಲ್ಲಿ ಅಂಥವರಿಗೇನು ಬರ? ಅವರಲ್ಲಿ ಇಡೀ ಆಲ್ಬಂ ಮುಗಿಯುವ ತನಕ ಎದ್ದು ಹೋಗದೆ ಕೂರುವವರು ಸಿಗಬೇಕಷ್ಟೆ.