ಮಕ್ಕಳ ಪದಗಳಲ್ಲಿ ಸಾವು: ಸತ್ತವನು ಮುಂದೇನು ಮಾಡುತ್ತಾನೆ?

ಮುಂಬೈಯ ಬಾಲವಾಡಿಗಳಲ್ಲಿ 'ರಿಂಗಾ ರಿಂಗಾ ರೋಸಸ್' ಹಾಡಿ ಮಕ್ಕಳು ದೊಪ್ಪನೆ ಬೀಳುತ್ತಾರೆ. ಅದು ಲಂಡನ್ನಿನ 1665ರ ಪ್ಲೇಗಿನ ಹಾಡು, ಸೀನು ಬಂತು, ಸತ್ತರು ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. 1896ರಲ್ಲಿ ಮುಂಬೈಯೂ ಮರುವರ್ಷ ಪುಣೆಯೂ ಪ್ಲೇಗು ಕಂಡ ಊರುಗಳಾದ್ದರಿಂದ ಈ ಕಥೆ ನಮಗೆ ಬೇಗ ಹಿಡಿಸುತ್ತದೆ, ಅಷ್ಟೇ. ಪದ್ಯ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 1881ರಲ್ಲಿ, ಆ ಪ್ಲೇಗು ಬಂದುಹೋಗಿ 216 ವರ್ಷಗಳ ಮೇಲೆ. ಆ ಅಚ್ಚಾದ ರೂಪದಲ್ಲಿ ಸೀನೇ ಇಲ್ಲ, 'ಹುಶ್ ಹುಶ್' ಇದೆ. ನಮ್ಮ ಮಕ್ಕಳ 'ಹುಶಾ ಬುಶಾ' ಅದಕ್ಕೇ ಹತ್ತಿರ. ಬಿದ್ದವರು ನಗುತ್ತ ಏಳುತ್ತಾರೆ ಎಂಬುದನ್ನೂ ಬರೆದುಕೊಳ್ಳಿ.

ಸಾವು ಬಾಯಿಬಿಟ್ಟೇ ಬರುವುದು ಹುತುತುವಿನಲ್ಲಿ, ಅಂದರೆ ಮಹಾರಾಷ್ಟ್ರದ ಕಬಡ್ಡಿಯಲ್ಲಿ. ಔಟಾದವನು ಮರಾಠಿಯಲ್ಲಿ 'ಮೇಲಾ', ಅಂದರೆ ಸತ್ತ. ಎದುರಂಕಣದಲ್ಲಿ ದಮ್ಮು ಕಡಿದರೆ ದಾಳಿಗೆ ಹೋದವನು ಸತ್ತ. ದಮ್ಮು ಹಿಡಿದು ಮುಟ್ಟಿ ಮರಳಿದರೆ ಮುಟ್ಟಿಸಿಕೊಂಡವನು ಸತ್ತ. ಆಮೇಲೇನು? ಕಬಡ್ಡಿಯ ಮೂರು ಪ್ರಕಾರಗಳು ಮೂರು ಉತ್ತರ ಕೊಡುತ್ತವೆ. ಸಂಜೀವನಿಯಲ್ಲಿ ಎದುರು ಪಕ್ಷದವನೊಬ್ಬ ಸತ್ತರೆ ನಮ್ಮವನೊಬ್ಬ ಬದುಕುತ್ತಾನೆ. ಗಾಮಿನಿಯಲ್ಲಿ ತಂಡವೆಲ್ಲ ಮುಗಿಯುವ ತನಕ ಸತ್ತವನು ಹೊರಗೇ. ಅಮರದಲ್ಲಿ ಯಾರೂ ಹೊರಹೋಗುವುದಿಲ್ಲ, ಎದುರಾಳಿಗೆ ಅಂಕ ಸಿಗುತ್ತದೆ.

ಇಲ್ಲಿ ಮಕ್ಕಳು ಸಾವನ್ನು ಹೇಗೆ ಅರಿಯುತ್ತಾರೆಂಬ ಬಗ್ಗೆ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿಯವರ 1948ರ ಅಧ್ಯಯನವನ್ನು ತಂದು ಜೋಡಿಸುವುದು ವಾಡಿಕೆ. ಹಂಗೇರಿಯ 3ರಿಂದ 10 ವರ್ಷದ 378 ಮಕ್ಕಳು: ಐದರ ಒಳಗಿನವರಿಗೆ ಸಾವೆಂದರೆ ನಿದ್ದೆ ಅಥವಾ ಎಲ್ಲಿಗೋ ಹೋಗುವುದು, ಐದರಿಂದ ಒಂಬತ್ತರವರಿಗೆ ಬಂದು ಹಿಡಿದೊಯ್ಯುವ ಒಬ್ಬ ವ್ಯಕ್ತಿ, ಆಮೇಲಷ್ಟೇ ಎಲ್ಲರಿಗೂ ಬರುವಂಥದ್ದು. ಜೋಡಿಸುವಾಗ ಎರಡು ಕಡೆ ಎಡವುತ್ತೇವೆ. ಹುತುತು ಆಡುವ ಹತ್ತರ ಹುಡುಗನಿಗೆ ಸತ್ತವರು ಏಳುವುದಿಲ್ಲವೆಂದು ಚೆನ್ನಾಗಿ ಗೊತ್ತು. ಆಟದ ನಿಯಮ ಅವನ ನಂಬಿಕೆಗೆ ಸಾಕ್ಷಿಯಲ್ಲ. ಇನ್ನು ಹಿಡಿದೊಯ್ಯುವ ಗುಮ್ಮ, ಮರಾಠಿಯ ಬಾಗುಲ್‌ಬುವಾ, ಇವರು ಮಗುವಿನ ಕಲ್ಪನೆಯಲ್ಲ, ಮಲಗಿಸಲು ಹೆಣಗುವ ದೊಡ್ಡವರದು. ಪದಗಳನ್ನು ಸಂಗ್ರಹಿಸುವಾಗ ಹೇಳಿದವರ ವಯಸ್ಸನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳದಿದ್ದರೆ ಈ ಎರಡೂ ಕಲಸಿಹೋಗುತ್ತವೆ.

ನಮ್ಮ ಗೋವಿನ ಹಾಡು ಬೇರೆಯೇ ಜಾತಿ. ಪುಣ್ಯಕೋಟಿ ಹುಲಿಯ ಬಾಯಿಗೆ ಹೊರಟಾಗ ಕರು ಸಾವೆಂದರೇನು ಎಂದು ಕೇಳುವುದೇ ಇಲ್ಲ. ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಎನ್ನುತ್ತದೆ. ಮಗುವಿಗೆ ಸಾವು ತಟ್ಟುವುದು ಹಾಲು, ಹಾಸಿಗೆ, ಜೊತೆಯ ಲೆಕ್ಕದಲ್ಲಿ. ತಾಯಿಯ ಉತ್ತರದಲ್ಲೂ ವೇದಾಂತವಿಲ್ಲ: ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುತ್ತಾಳೆ. ಪರೀಕ್ಷೆಯಲ್ಲಿ ಎಲ್ಲರೂ ಸತ್ಯವಾಕ್ಯದ ಬಗ್ಗೆ ಎರಡು ಪುಟ ಬರೆದು ಈ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಕೊನೆಗೆ ಸಾಯುವುದು ಹಸುವಲ್ಲ, ಹುಲಿ. ಅದಕ್ಕಾಗಿ ಅಳುವ ಮಕ್ಕಳೂ ಇರುತ್ತಾರೆ. ಪಾಠ ಮಾಡುವಾಗ ಅಲ್ಲಿ ಒಂದು ಗಳಿಗೆ ನಿಲ್ಲಿ.